ಪಂಪು ಓಡುತ್ತಿದೆ, ನಗರಕ್ಕೆ ನೀರು ಸಾಲುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

ದೂರು ಬರುವುದು ನಲ್ಲಿಯ ಕಡೆಯಿಂದ. ನೀರು ಬರ್ತಿಲ್ಲ, ಬಂದರೂ ಸಣ್ಣಗೆ ಬರ್ತಿದೆ, ಎತ್ತರದ ಬೀದಿಗೆ ಏರ್ತಾನೇ ಇಲ್ಲ. ಪಂಪ್‌ಹೌಸಿಗೆ ಫೋನ್ ಮಾಡಿದರೆ ಎಲ್ಲ ಪಂಪೂ ಓಡುತ್ತಿವೆ, ಉತ್ಪಾದನೆ ಎಂದಿನಷ್ಟೇ ಇದೆ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮೂಲದಿಂದ ನಲ್ಲಿಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಿದೆ. ಆ ಜಾಗವನ್ನು ಹಿಡಿಯುವುದು ಹೇಗೆ ಅನ್ನುವುದೇ ಈ ಬರಹ. ನದಿಯಿಂದಲೋ ಜಲಾಶಯದಿಂದಲೋ ನೀರೆತ್ತಿ, ಶುದ್ಧಮಾಡಿ, ಮೇಲ್ಮಟ್ಟದ ಟ್ಯಾಂಕ್‌ಗಳಿಂದ ಹಂಚುವ ಮಧ್ಯಮ ಗಾತ್ರದ ನಗರ ಅಂತ ಇಟ್ಟುಕೊಳ್ಳಿ.

ಜೆಸಿಬಿ ಕರೆಸುವ ಮೊದಲು ಟೇಪು, ಗಡಿಯಾರ, ಪ್ರೆಶರ್ ಗೇಜ್ ಹಿಡಿದು ಹೊರಡಿ. ದಾರಿಯುದ್ದಕ್ಕೂ ನಾಲ್ಕೈದು ಕಡೆ, ಒಂದೇ ಹೊತ್ತಿಗೆ, ಎಷ್ಟು ನೀರು ಹೋಗುತ್ತಿದೆ ಅಂತ ಬರೆದುಕೊಳ್ಳಿ. ಯಾವ ಎರಡು ಅಂಕಿಗಳ ನಡುವೆ ಹೊಂದಾಣಿಕೆ ಇಲ್ಲವೋ ದೋಷ ಅಲ್ಲಿದೆ. ಇಷ್ಟು ಸರಳವಾದ ಕೆಲಸವನ್ನು ಬಿಟ್ಟು ವಾರಗಟ್ಟಲೆ ರಸ್ತೆ ಅಗೆಯುವುದು ನಡೆದೇ ಇದೆ.

ರಿಜಿಸ್ಟರಿನ ಅಂಕಿ ಎಲ್ಲಿಂದ ಬಂತು?

ಎಷ್ಟೋ ಪಂಪ್‌ಹೌಸ್‌ಗಳಲ್ಲಿ ದಿನದ ಉತ್ಪಾದನೆಯನ್ನು ಯಾರೂ ಅಳೆದಿರುವುದಿಲ್ಲ. ಪಂಪಿನ ಫಲಕದಲ್ಲಿರುವ ಸಾಮರ್ಥ್ಯವನ್ನು ಓಡಿದ ಗಂಟೆಗಳಿಂದ ಗುಣಿಸಿ ಬರೆದಿರುತ್ತಾರೆ. ಫಲಕದಲ್ಲಿ ಗಂಟೆಗೆ 450 ಘನ ಮೀಟರ್ ಅಂತಿದೆ, 20 ಗಂಟೆ ಓಡಿದೆ, ಅಲ್ಲಿಗೆ 9,000 ಘನ ಮೀಟರ್. ಪಂಪು ಹೊಸದಾಗಿದ್ದಾಗ, ನಿಗದಿಯಾದ ಒತ್ತಡದಲ್ಲಿ ಕೊಡಬೇಕಿದ್ದ ನೀರು ಅದು. ಇವತ್ತು ಕೊಟ್ಟ ನೀರಲ್ಲ. ಹಾಗಾಗಿ ಮೊದಲ ಕೆಲಸ ಈ ಅಂಕಿಯನ್ನು ಪಕ್ಕಕ್ಕಿಟ್ಟು ನಿಜವಾಗಿ ಅಳೆಯುವುದು.

ಇದಕ್ಕೆ ದುಬಾರಿ ಮೀಟರೇ ಬೇಕು ಅಂತಿಲ್ಲ. ನೀರು ಬಂದು ಬೀಳುವ ಟ್ಯಾಂಕೇ ಒಳ್ಳೆಯ ಅಳತೆಪಾತ್ರೆ. ಟ್ಯಾಂಕಿನಿಂದ ಹೊರಹೋಗುವ ವಾಲ್ವ್‌ಗಳನ್ನೆಲ್ಲ ಮುಚ್ಚಿ. ಒಂದೇ ಪಂಪು ಓಡಲಿ. 15 ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಸ್ಟೀಲ್ ಟೇಪಿನಲ್ಲಿ ಅಳೆಯಿರಿ. 20 ಮೀಟರ್ ವ್ಯಾಸದ ದುಂಡನೆಯ ಟ್ಯಾಂಕಾದರೆ ತಳದ ವಿಸ್ತೀರ್ಣ ಸುಮಾರು 314 ಚದರ ಮೀಟರ್. 15 ನಿಮಿಷದಲ್ಲಿ ಮಟ್ಟ 30 ಸೆಂಟಿಮೀಟರ್ ಏರಿದರೆ ಬಂದ ನೀರು 94 ಘನ ಮೀಟರ್. ಗಂಟೆಗೆ ಸುಮಾರು 377. ಫಲಕದ 450ಕ್ಕೂ ಇದಕ್ಕೂ 73 ಘನ ಮೀಟರ್ ವ್ಯತ್ಯಾಸ. 20 ಗಂಟೆಗೆ 14 ಲಕ್ಷ ಲೀಟರಿಗೂ ಜಾಸ್ತಿ ನೀರು ಕಾಗದದ ಮೇಲೆ ಮಾತ್ರ ಇದೆ. ಒಂದೇ ಅಳತೆಯನ್ನು ನಂಬಬೇಡಿ, ಎರಡು ಮೂರು ಸಲ ಮಾಡಿ. ಮಟ್ಟ ಅಲುಗಾಡುತ್ತಿದ್ದರೆ ಎರಡೂ ಕಡೆ ತೆರೆದ ಪಾರದರ್ಶಕ ಕೊಳವೆಯೊಂದನ್ನು ನೀರಿನೊಳಗೆ ನೆಟ್ಟಗೆ ಇಳಿಬಿಟ್ಟು ಅದರೊಳಗಿನ ಮಟ್ಟ ನೋಡಿ.

ಇದೇ ಅಳತೆಯನ್ನು ಪಂಪಿನ ಕಡೆಯಲ್ಲೂ ಮಾಡಬೇಕು. ಪಂಪು ನೀರು ಎಳೆಯುವ ಸಂಪಿಗೆ ಬರುವ ನೀರನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಸಂಪಿನ ಮಟ್ಟ ಎಷ್ಟು ಇಳಿಯಿತು ನೋಡಿ. ಹಾಗೆ ಇಳಿದದ್ದೇ ಪಂಪು ಎತ್ತಿದ ನೀರು. ಸಂಪಿನಲ್ಲೂ 377, ಟ್ಯಾಂಕಿನಲ್ಲೂ 377 ಬಂದರೆ ಪೈಪ್‌ಲೈನ್ ಸೋರುತ್ತಿಲ್ಲ, ಪಂಪೇ ಕಡಿಮೆ ಎತ್ತುತ್ತಿದೆ. ಸಂಪಿನಲ್ಲಿ 450, ಟ್ಯಾಂಕಿನಲ್ಲಿ 377 ಬಂದರೆ ಪಂಪನ್ನು ಮುಟ್ಟಬೇಡಿ, ನಡುವಿನ ಲೈನಿನಲ್ಲಿ ನಡೆಯಿರಿ. ಅರ್ಧ ದಿನದ ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಬಲ್ಕ್ ಮೀಟರ್ (ದೊಡ್ಡ ಪೈಪಿನಲ್ಲಿ ಹೋಗುವ ಒಟ್ಟು ನೀರನ್ನು ಅಳೆಯುವ ಮೀಟರ್) ಇದ್ದರೆ ಅದನ್ನೂ ಇದೇ ಹೊತ್ತಿಗೆ ಹೋಲಿಸಿ. ಎಲೆಕ್ಟ್ರೋಮ್ಯಾಗ್ನೆಟಿಕ್ ಮೀಟರಿನ ಹಿಂದೆ ಪೈಪಿನ ವ್ಯಾಸದ 5 ಪಟ್ಟು, ಮುಂದೆ 3 ಪಟ್ಟು ನೇರ ಉದ್ದ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಬೆಂಡು ಅಥವಾ ಅರ್ಧ ತೆರೆದ ವಾಲ್ವಿನ ಪಕ್ಕದಲ್ಲೇ ಕೂರಿಸಿದ್ದರೆ ಮೀಟರ್ ತಪ್ಪು ತೋರಿಸುತ್ತದೆ. ಪೈಪು ಪೂರ್ತಿ ತುಂಬದೆ ಹರಿಯುತ್ತಿದ್ದರೂ ಅಷ್ಟೇ, ಇಲ್ಲದ ನೀರನ್ನು ಎಣಿಸುತ್ತದೆ.

ಪಂಪಿನ ಎರಡು ಮುಳ್ಳುಗಳು

ಪಂಪೇ ಕಡಿಮೆ ಎತ್ತುತ್ತಿದೆ ಅಂತಾದರೆ ಬಿಚ್ಚುವ ಮುಂಚೆ ಡೆಲಿವರಿ ಪ್ರೆಶರ್ ಗೇಜ್ ಮತ್ತು ಆಂಪಿಯರ್ ಮೀಟರ್ ಎರಡನ್ನೂ ಒಟ್ಟಿಗೆ ಓದಿ. ಬೇರೆಬೇರೆಯಾಗಿ ಓದಿದರೆ ಎರಡೂ ದಾರಿ ತಪ್ಪಿಸುತ್ತವೆ.

ಒತ್ತಡ ಜಾಸ್ತಿ, ಕರೆಂಟು ಕಡಿಮೆ ಇದ್ದರೆ ಮುಂದೆ ಎಲ್ಲೋ ತಡೆ ಇದೆ. ವಾಲ್ವ್ ಪೂರ್ತಿ ತೆರೆದಿಲ್ಲ, ಲೈನಿನಲ್ಲಿ ಗಾಳಿ ಕಟ್ಟಿದೆ, ಇಲ್ಲವೇ ಪೈಪಿನೊಳಗೆ ಕಿಟ್ಟ ಕಟ್ಟಿದೆ. ಒತ್ತಡ ಕಡಿಮೆ, ಕರೆಂಟು ಜಾಸ್ತಿ ಇದ್ದರೆ ತಡೆಯೇ ಇಲ್ಲದೆ ನೀರು ನುಗ್ಗುತ್ತಿದೆ, ಅಂದರೆ ಮುಂದೆ ಪೈಪು ಒಡೆದಿರುವ ಸಾಧ್ಯತೆ ಜಾಸ್ತಿ. ಎರಡೂ ಕಡಿಮೆಯಾದರೆ ಪಂಪಿಗೆ ನೀರು ಸಿಗುತ್ತಿಲ್ಲ. ಜಾಲರಿಗೆ ಕಸ ಸಿಕ್ಕಿದೆಯಾ, ನೀರೆಳೆಯುವ ಪೈಪಿನ ಬುಡದ ಫುಟ್ ವಾಲ್ವ್ ಸರಿಯಾಗಿ ತೆರೆಯುತ್ತಿದೆಯಾ, ಆ ಸಕ್ಷನ್ ಪೈಪಿನ ಜಾಯಿಂಟಿನಲ್ಲೋ ಶಾಫ್ಟಿನ ಸುತ್ತಲಿನ ಗ್ಲ್ಯಾಂಡಿನಲ್ಲೋ ಗಾಳಿ ಎಳೆಯುತ್ತಿದೆಯಾ ನೋಡಿ. ಒತ್ತಡ ಕಡಿಮೆಯಿದ್ದು ಕರೆಂಟು ಹೆಚ್ಚುಕಮ್ಮಿ ಎಂದಿನಂತೆಯೇ ಇದ್ದರೆ ಇಂಪೆಲ್ಲರ್ (ಪಂಪಿನೊಳಗೆ ನೀರನ್ನು ತಳ್ಳುವ ಚಕ್ರ) ಅಥವಾ ಅದರ ಸುತ್ತಲಿನ ವೇರ್ ರಿಂಗ್ ಸವೆದು ನೀರು ಒಳಗೊಳಗೇ ತಿರುಗುತ್ತಿರುತ್ತದೆ.

ಈ ಲೆಕ್ಕ ಮಾಮೂಲಿ ಸೆಂಟ್ರಿಫ್ಯೂಗಲ್ ಪಂಪಿಗೆ. ಜಾಕ್‌ವೆಲ್‌ನಲ್ಲಿರುವ (ನದಿ ಅಥವಾ ಜಲಾಶಯದಿಂದ ನೀರೆತ್ತುವ ಬಾವಿ) ಕೆಲವು ವರ್ಟಿಕಲ್ ಪಂಪುಗಳಲ್ಲಿ ನೀರು ಕಡಿಮೆಯಾದಷ್ಟೂ ಕರೆಂಟು ಏರುತ್ತದೆ. ಅದಕ್ಕೇ ಆಯಾ ಪಂಪಿನ ಕರ್ವ್ (ಎಷ್ಟು ನೀರಿಗೆ ಎಷ್ಟು ಒತ್ತಡ, ಎಷ್ಟು ವಿದ್ಯುತ್ ಅಂತ ತೋರಿಸುವ ನಕ್ಷೆ) ಪಕ್ಕದಲ್ಲಿ ಇಲ್ಲದೆ ತೀರ್ಮಾನ ಮಾಡಬಾರದು. ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಪ್ಯಾನೆಲ್ಲಿನ ಹತ್ತಿರ ತೂಗುಹಾಕಿ.

ಸುಲಭವಾಗಿ ಕಣ್ತಪ್ಪುವ ಮೂರು ವಿಷಯ ಹೇಳಿಬಿಡುತ್ತೇನೆ. ಮೋಟಾರ್ ರಿವೈಂಡಿಂಗ್ ಆದ ಮೇಲೆ ನೀರು ಕಡಿಮೆಯಾಗಿದೆ ಅಂದರೆ ಮೊದಲು ತಿರುಗುವ ದಿಕ್ಕು ನೋಡಿ. ಎರಡು ಫೇಸ್ ಅದಲುಬದಲಾದರೆ ಪಂಪು ಉಲ್ಟಾ ತಿರುಗುತ್ತದೆ. ಆಗಲೂ ಸ್ವಲ್ಪ ನೀರು ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದು, ವಿದ್ಯುತ್ ಆವರ್ತನ. ಅದು ಶೇಕಡಾ 4ರಷ್ಟು ಇಳಿದರೆ ಪಂಪಿನ ಒತ್ತಡ ಸುಮಾರು ಶೇಕಡಾ 8ರಷ್ಟು ಇಳಿಯುತ್ತದೆ. ತುಂಬಾ ಎತ್ತರಕ್ಕೆ ನೀರೆತ್ತುವ ಪಂಪಿನಲ್ಲಿ ನೀರಿನ ಪ್ರಮಾಣ ಇನ್ನೂ ಜೋರಾಗಿ ಬೀಳುತ್ತದೆ. ಮೂರನೆಯದು, ಬೇಸಿಗೆಯಲ್ಲಿ ಮೂಲದ ಮಟ್ಟ ಇಳಿಯುವುದು. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ನೀರನ್ನು ಮೇಲೆತ್ತಬಲ್ಲದ್ದು ಲೆಕ್ಕದಲ್ಲಿ 10.3 ಮೀಟರ್, ನಿಜದಲ್ಲಿ ಸಿಗುವುದು 6–7 ಮೀಟರ್. ಎತ್ತರದ ಊರುಗಳಲ್ಲಿ ಇನ್ನೂ ಕಡಿಮೆ. ಆ ಮಿತಿ ದಾಟಿದಾಗ ಪಂಪಿನ ಹೊಟ್ಟೆಯೊಳಗೆ ಜಲ್ಲಿಕಲ್ಲು ಹೊರಳಿದಂತೆ ಸದ್ದು ಬರುತ್ತದೆ, ಗೇಜಿನ ಮುಳ್ಳು ನಡುಗುತ್ತದೆ. ಹಾಗೇ ಓಡಿಸಿದರೆ ಇಂಪೆಲ್ಲರ್ ತೂತಾಗುತ್ತದೆ. ಡೆಲಿವರಿ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ. ಸದ್ದು ಕಡಿಮೆಯಾದರೆ ದೋಷ ಸಕ್ಷನ್ ಕಡೆಯದು ಅಂತ ಖಾತ್ರಿಯಾಗುತ್ತದೆ.

ರೈಸಿಂಗ್ ಮೇನ್: ಗಾಳಿ, ಕಿಟ್ಟ, ಹೊಡೆತ

ರೈಸಿಂಗ್ ಮೇನ್ ಅಂದರೆ ಪಂಪಿನಿಂದ ಮೇಲಕ್ಕೆ ನೀರು ಏರಿಸುವ ಪೈಪು. ಅದು ಗುಡ್ಡ ಹತ್ತಿ ಇಳಿಯುವ ಕಡೆ, ನೆತ್ತಿಯಲ್ಲಿ ಗಾಳಿ ಸೇರುತ್ತದೆ. ಅಲ್ಲಿ ಏರ್ ವಾಲ್ವ್ ಇರುವುದೇ ಅದಕ್ಕೆ. ಆದರೆ ಏರ್ ವಾಲ್ವಿನಿಂದ ನೀರು ಸೋರಿತು ಅಂತ ಯಾರೋ ಅದರ ಕೆಳಗಿನ ವಾಲ್ವನ್ನು ಮುಚ್ಚಿರುತ್ತಾರೆ. ಆಮೇಲೆ ಅದನ್ನು ತೆರೆಯುವುದು ಯಾರಿಗೂ ನೆನಪಿರುವುದಿಲ್ಲ. ನೀರು ಕಡಿಮೆಯಾಯಿತು ಅನ್ನುವ ದೂರಿಗೂ ಆ ದಿನಕ್ಕೂ ಸಂಬಂಧ ಇರುತ್ತದೆ. ಆದ್ದರಿಂದ ಲೈನಿನುದ್ದಕ್ಕೂ ನಡೆದು ಪ್ರತಿಯೊಂದು ಏರ್ ವಾಲ್ವ್ ಚೇಂಬರನ್ನೂ ತೆರೆದು ನೋಡಿ. ಮಣ್ಣು ತುಂಬಿದೆಯಾ, ಒಳಗಿನ ಚೆಂಡು ಅಂಟಿಕೊಂಡಿದೆಯಾ, ಕೆಳಗಿನ ವಾಲ್ವ್ ತೆರೆದಿದೆಯಾ? ಚೇಂಬರಿನಲ್ಲಿ ಕೊಳಚೆ ನೀರು ನಿಂತಿದ್ದರೆ ತಕ್ಷಣ ಖಾಲಿ ಮಾಡಿಸಿ. ಪಂಪು ನಿಂತಾಗ ಅದೇ ವಾಲ್ವ್ ಗಾಳಿಯ ಬದಲು ಆ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಗಾಳಿ ಇಲ್ಲ, ಸೋರಿಕೆಯೂ ಇಲ್ಲ, ಆದರೂ ಒತ್ತಡ ಜಾಸ್ತಿ ತಿನ್ನುತ್ತಿದೆ ಅಂದರೆ ಪೈಪಿನ ಒಳಮೈ ಒರಟಾಗಿದೆ. ಪೈಪಿನಲ್ಲಿ ಘರ್ಷಣೆಗೆ ಹೋಗುವ ಒತ್ತಡವನ್ನು ಹೇಳುವ ಹೇಜನ್–ವಿಲಿಯಮ್ಸ್ ಲೆಕ್ಕದಲ್ಲಿ, ಒಳಮೈಯ ನುಣುಪನ್ನು ತೋರಿಸುವ ಸಿ ಅಂಕಿ ಹೊಸ ನುಣುಪಾದ ಪೈಪಿಗೆ 140ರ ಆಸುಪಾಸು. ಹಳೆಯ ಕಬ್ಬಿಣದ ಪೈಪಿನಲ್ಲಿ ಅದು 100ಕ್ಕೂ, ಅದಕ್ಕಿಂತ ಕೆಳಕ್ಕೂ ಇಳಿಯುತ್ತದೆ. 140ರಿಂದ 100ಕ್ಕೆ ಇಳಿದರೆ ಅಷ್ಟೇ ನೀರಿಗೆ ಘರ್ಷಣೆಯ ನಷ್ಟ ಸುಮಾರು 1.86 ಪಟ್ಟು ಆಗುತ್ತದೆ. ಎರಡು ತುದಿಯ ಗೇಜ್ ಓದಿ, ಎತ್ತರದ ವ್ಯತ್ಯಾಸ ಕಳೆದು, ಲೆಕ್ಕಕ್ಕೆ ಹೋಲಿಸಿದರೆ ಇದು ಗೊತ್ತಾಗುತ್ತದೆ. ನೆನಪಿಡಲು: 1 ಬಾರ್ ಅಂದರೆ ಸುಮಾರು 10.2 ಮೀಟರ್ ನೀರು.

ಒಂದೇ ಜಾಗದಲ್ಲಿ ಪೈಪು ಪದೇಪದೇ ಒಡೆಯುತ್ತಿದ್ದರೆ ಪೈಪಿನ ಗುಣಮಟ್ಟವನ್ನು ಬೈಯುವ ಮೊದಲು ಒಡೆದ ಹೊತ್ತನ್ನು ನೋಡಿ. ಕರೆಂಟು ಹೋದ ಗಳಿಗೆಯಲ್ಲೋ ಮತ್ತೆ ಬಂದು ಪಂಪು ಹೊರಟಾಗಲೋ ಒಡೆಯುತ್ತಿದ್ದರೆ ಅದು ವಾಟರ್ ಹ್ಯಾಮರ್, ಅಂದರೆ ಹರಿವು ಒಮ್ಮೆಲೇ ಬದಲಾದಾಗ ಬೀಳುವ ಒತ್ತಡದ ಹೊಡೆತ. ರಷ್ಯಾದ ವಿಜ್ಞಾನಿ ನಿಕೊಲಾಯ್ ಜುಕೋವ್‌ಸ್ಕಿ ಮಾಸ್ಕೋದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ 1898ರಲ್ಲಿ ಇದರ ಲೆಕ್ಕ ಕೊಟ್ಟರು. ಲೋಹದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುತ್ತಿರುವ ನೀರು ಒಮ್ಮೆಲೇ ನಿಂತರೆ ಒತ್ತಡ ಸುಮಾರು 100 ಮೀಟರ್ ನೀರಿನಷ್ಟು ಜಿಗಿಯುತ್ತದೆ. ಗೇಜಿನ ಮುಳ್ಳಿಗೆ ಇದು ಕಾಣುವುದೂ ಇಲ್ಲ, ಅಷ್ಟು ಬೇಗ ಬಂದು ಹೋಗುತ್ತದೆ. ನೀರು ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಧಡಾರ್ ಅಂತ ಬಡಿಯುತ್ತಿದೆಯಾ, ಹೊಡೆತವನ್ನು ನುಂಗುವ ಏರ್ ವೆಸೆಲ್‌ನಲ್ಲಿ ಗಾಳಿ ಉಳಿದಿದೆಯಾ ಪರೀಕ್ಷಿಸಿ.

ಅದೇ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂರದಿದ್ದರೆ ಇನ್ನೊಂದು ನಷ್ಟ. 10 ನಿಮಿಷ ಕರೆಂಟು ಹೋದರೆ 10 ನಿಮಿಷದ ನೀರು ಮಾತ್ರ ತಪ್ಪುವುದಿಲ್ಲ. ಏರಿದ ನೀರು ವಾಪಸ್ ಇಳಿದುಬಿಡುತ್ತದೆ. 400 ಮಿಲಿಮೀಟರ್ ಪೈಪಿನಲ್ಲಿ ಕಿಲೋಮೀಟರಿಗೆ ಸುಮಾರು 125 ಘನ ಮೀಟರ್ ನೀರಿರುತ್ತದೆ. 2 ಕಿಲೋಮೀಟರ್ ಖಾಲಿಯಾದರೆ ಗಂಟೆಗೆ 450 ಎತ್ತುವ ಪಂಪಿಗೆ ಅದನ್ನು ತುಂಬಲೇ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಹತ್ತಾರು ಸಲ ಕರೆಂಟು ಹೋಗಿ ಬರುವ ದಿನ ರಿಜಿಸ್ಟರಿನ ಗಂಟೆಗೂ ಟ್ಯಾಂಕಿನ ಮಟ್ಟಕ್ಕೂ ತಾಳೆಯಾಗದಿರುವುದು ಇದರಿಂದಲೇ. ಪಂಪು ನಿಂತ ಮೇಲೆ ಶಾಫ್ಟ್ ಹಿಂದಕ್ಕೆ ತಿರುಗುತ್ತಿದೆಯಾ ಅಂತ ನೋಡಿ. ತಿರುಗುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಶುದ್ಧೀಕರಣ ಘಟಕವೇ ಅಡ್ಡಿಯಾದಾಗ

ಘಟಕಕ್ಕೆ ನೀರು ಬರುತ್ತಿದೆ, ಹೊರಗೆ ಹೋಗುತ್ತಿಲ್ಲ ಅಂದರೆ ಫಿಲ್ಟರ್ ನೋಡಿ. ತೊಳೆದ ಮೇಲೆ ಒಂದು ದಿನವೋ ಎರಡು ದಿನವೋ ಓಡುತ್ತಿದ್ದ ಬೆಡ್ (ನೀರು ಸೋಸುವ ಮರಳಿನ ಹಾಸು) ಈಗ ಕೆಲವೇ ಗಂಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದರೆ ತೊಂದರೆ ಫಿಲ್ಟರಿನದ್ದಲ್ಲ. ಅದರ ಹಿಂದೆ, ಕದಡನ್ನು ಹೆಪ್ಪುಗಟ್ಟಿಸಿ ಕೆಳಗೆ ಕೂರಿಸಲು ಆಲಂ (ಸ್ಫಟಿಕ) ಹಾಕುವ ಕಡೆ ತೊಂದರೆ ಇದೆ. ಮೊದಲ ಜೋರು ಮಳೆಗೆ ನದಿಯ ಕದಡು ಏರುತ್ತದೆ, ಅದೇ ಹೊತ್ತಿಗೆ ನೀರಿನ ಕ್ಷಾರೀಯತೆ ಇಳಿಯುತ್ತದೆ. 1 ಮಿಲಿಗ್ರಾಂ ಆಲಂ ಸುಮಾರು ಅರ್ಧ ಮಿಲಿಗ್ರಾಂ ಕ್ಷಾರೀಯತೆಯನ್ನು ತಿಂದುಹಾಕುತ್ತದೆ. ಕದಡು ಜಾಸ್ತಿ ಅಂತ ಆಲಂ ಏರಿಸುತ್ತಾ ಹೋದರೆ ಪಿಎಚ್ 6ಕ್ಕಿಂತ ಕೆಳಗಿಳಿದು ಹೆಪ್ಪುಗಟ್ಟುವುದೇ ನಿಲ್ಲುತ್ತದೆ. ಆಗ ಬೇಕಾದದ್ದು ಇನ್ನಷ್ಟು ಆಲಂ ಅಲ್ಲ, ಸುಣ್ಣ.

ಊಹೆ ಬಿಟ್ಟು ಜಾರ್ ಟೆಸ್ಟ್ ಮಾಡಿ. ಒಂದೇ ನೀರನ್ನು ಆರು ಬೀಕರಿಗೆ ಹಾಕಿ, ಬೇರೆಬೇರೆ ಪ್ರಮಾಣದ ಆಲಂ ಕೊಡಿ. ನಿಮಿಷಕ್ಕೆ 100 ಸುತ್ತಿನಂತೆ ಒಂದು ನಿಮಿಷ ಜೋರಾಗಿ, ಆಮೇಲೆ 20–30 ಸುತ್ತಿನಂತೆ ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಕಲಕಿ. ಅರ್ಧ ಗಂಟೆ ಬಿಡಿ. ಮೇಲಿನ ನೀರು ಯಾವ ಬೀಕರಿನಲ್ಲಿ ತಿಳಿಯಾಗಿದೆಯೋ ಆ ಪ್ರಮಾಣ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಇದನ್ನು ಪಾಳಿಗೊಮ್ಮೆ ಮಾಡಿದರೂ ಜಾಸ್ತಿಯಲ್ಲ.

ನೀರು ಸಾಲುತ್ತಿಲ್ಲ ಅಂತ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು) ಮುಂದೂಡುವುದು, ಫಿಲ್ಟರಿನ ವಾಲ್ವ್ ಇನ್ನಷ್ಟು ತೆರೆದು ನೀರು ನುಗ್ಗಿಸುವುದು ಅಪಾಯ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಒಂದು ಘಟಕದ ಫಿಲ್ಟರ್ ದಾಟಿದ ನೀರಿನ ಕದಡು ಏರಿತು. ಕ್ಲೋರಿನ್‌ಗೆ ಸಾಯದ ಕ್ರಿಪ್ಟೋಸ್ಪೊರಿಡಿಯಂ ಜೀವಿ ಆ ನೀರಿನ ಜೊತೆ ಮನೆಗಳಿಗೆ ಹೋಯಿತು. ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು ಅಂತ ಅಂದಾಜು. ಫಿಲ್ಟರ್ ಆದ ನೀರಿನ ಕದಡು 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ದಾಟಿತು ಅಂದರೆ ಆ ಬೆಡ್ಡನ್ನು ನಿಲ್ಲಿಸಿ. ನಗರಕ್ಕೆ ಒಂದು ದಿನ ನೀರು ಕಡಿಮೆ ಬಂದರೂ ಪರವಾಗಿಲ್ಲ.

ಟ್ಯಾಂಕು

ಇದಕ್ಕೆ ಹೆಚ್ಚು ಮಾತು ಬೇಡ. ರಾತ್ರಿ ಒಳ ಹೊರ ಎರಡೂ ವಾಲ್ವ್ ಮುಚ್ಚಿ, ಮಟ್ಟ ಗುರುತು ಮಾಡಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಟ್ಯಾಂಕು ಸೋರುತ್ತಿದೆ, ಇಲ್ಲವೇ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಇನ್ನು ಓವರ್‌ಫ್ಲೋ ಪೈಪು ನೇರವಾಗಿ ಚರಂಡಿಗೆ ಸೇರಿದ್ದರೆ ಅದನ್ನು ಕಣ್ಣಿಗೆ ಕಾಣುವ ಹಾಗೆ ಬದಲಾಯಿಸಿ. ನಡುರಾತ್ರಿ ತುಂಬಿ ಹರಿದ ನೀರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬೀದಿಗಳ ಕೆಳಗೆ

ಟ್ಯಾಂಕಿನವರೆಗೆ ಲೆಕ್ಕ ಸರಿಯಿದ್ದು ಬೀದಿಯಲ್ಲಿ ನೀರಿಲ್ಲ ಅಂದರೆ ಮೊದಲು ಹುಡುಕಬೇಕಾದದ್ದು ಸೋರಿಕೆಯನ್ನಲ್ಲ, ಮುಚ್ಚಿದ ವಾಲ್ವನ್ನು. ಹಿಂದಿನ ರಿಪೇರಿಯಲ್ಲಿ ಮುಚ್ಚಿ, ತೆರೆಯುವಾಗ ಅರ್ಧಕ್ಕೆ ಬಿಟ್ಟ ವಾಲ್ವು ಇರಬಹುದು. ಡಾಂಬರಿನಡಿ ಹೂತುಹೋದ ಚೇಂಬರ್ ಇರಬಹುದು. ಇಲ್ಲಿ ನಕ್ಷೆಗಿಂತ ಆ ಬಡಾವಣೆಯ ನೀರುಗಂಟಿಯ ಮಾತು ದೊಡ್ಡದು. ಯಾವ ವಾಲ್ವ್ ಎಷ್ಟು ಸುತ್ತಿಗೆ ಪೂರ್ತಿ ತೆರೆಯುತ್ತದೆ ಅಂತ ಅವರ ಕೈಗೆ ಗೊತ್ತಿರುತ್ತದೆ. ಕೀಲಿ ಸಲೀಸಾಗಿ ತಿರುಗುತ್ತಿದೆ, ಆದರೆ ನೀರಿನ ಸದ್ದು ಬದಲಾಗುತ್ತಿಲ್ಲ ಅಂದರೆ ಸ್ಪಿಂಡಲ್ಲಿನಿಂದ ಗೇಟ್ ಕಳಚಿ ಕೆಳಗೆ ಕೂತಿದೆ. ಹೊರಗಿನಿಂದ ನೋಡಿದವರು ವಾಲ್ವ್ ತೆರೆದಿದೆ ಅಂತಲೇ ಅಂದುಕೊಳ್ಳುತ್ತಾರೆ. ಅದರ ಹಿಂದೆ ಮುಂದೆ ಎರಡು ಮನೆಗಳ ನಲ್ಲಿಗೆ ಗೇಜ್ ಹಾಕಿ ನೋಡಿ. ಹತ್ತಿರದ ಎರಡು ನಲ್ಲಿಗಳ ನಡುವೆ ಒತ್ತಡ ಕುಸಿದಿದ್ದರೆ ತಡೆ ಅಲ್ಲೇ ಇದೆ.

ಸೋರಿಕೆಗೆ ಒಳ್ಳೆಯ ಹೊತ್ತು ರಾತ್ರಿ 2ರಿಂದ 4. ಜನ ಮಲಗಿರುವಾಗಲೂ ಬಡಾವಣೆಯ ಮೀಟರ್ ಜೋರಾಗಿ ತಿರುಗುತ್ತಿದ್ದರೆ ಅದರಲ್ಲಿ ಹೆಚ್ಚಿನ ಪಾಲು ಸೋರಿಕೆ. ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ಮೀಟರ್ ಧುಮ್ಮನೆ ಇಳಿಯುತ್ತದೋ ಆ ಬೀದಿಯಲ್ಲಿ ಕಿವಿಗೋಲು (ಪೈಪಿಗೆ ತಾಗಿಸಿ ಸೋರಿಕೆಯ ಸದ್ದು ಕೇಳುವ ಕೋಲು) ಹಿಡಿದು ಕೇಳಿ. ದಿನ ಬಿಟ್ಟು ದಿನ ನೀರು ಬಿಡುವ ಕಡೆ ಈ ಪರೀಕ್ಷೆ ಕಷ್ಟ. ಅಲ್ಲಿ ಒಂದು ರಾತ್ರಿ ಬಡಾವಣೆಯ ಪೈಪು ಪೂರ್ತಿ ತುಂಬಿಸಿ, ಮನೆಗಳ ಸಂಪು ತುಂಬಿದ ಮೇಲೆ ಮೀಟರ್ ಓದಬೇಕು.

ರಸ್ತೆ ಮೇಲೆ ಕಾರಂಜಿ ಚಿಮ್ಮುವ ಒಡಕಿಗಿಂತ ಕಾಣದ ಸಣ್ಣ ತೂತಿನ ಬಗ್ಗೆ ನನಗೆ ಜಾಸ್ತಿ ಚಿಂತೆ. ಕಾರಂಜಿ ಅದೇ ದಿನ ರಿಪೇರಿಯಾಗುತ್ತದೆ. 6 ಮಿಲಿಮೀಟರಿನ ಒಂದು ತೂತು 20 ಮೀಟರ್ ಒತ್ತಡದಲ್ಲಿ ದಿನಕ್ಕೆ ಸುಮಾರು 30,000 ಲೀಟರ್ ಸೋರಿಸುತ್ತದೆ, ತಿಂಗಳುಗಟ್ಟಲೆ. ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿ 1993ರಲ್ಲಿ ನೂರಕ್ಕೆ 72ರಷ್ಟು ನೀರು ಬಿಲ್ಲಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮೀಟರ್ ಹಾಕಿ, ಹಳೆ ಪೈಪು ಬದಲಾಯಿಸಿ, ಕಳ್ಳ ಸಂಪರ್ಕ ಕಿತ್ತು, ಸೋರಿಕೆಗೆ ತಂಡ ಕಟ್ಟಿ ಹದಿನೈದು ವರ್ಷದಲ್ಲಿ ಅದನ್ನು ಶೇಕಡಾ 6ರ ಆಸುಪಾಸಿಗೆ ತಂದರು. ಮಾಡಿ ತೋರಿಸಿದ ಊರು ಇದೆ ಅನ್ನುವುದು ಈ ಕೆಲಸದಲ್ಲಿ ದೊಡ್ಡ ಧೈರ್ಯ.

ಕ್ಲೋರಿನ್ ಇದ್ದಕ್ಕಿದ್ದಂತೆ ಮಾಯವಾದರೆ

ಇದನ್ನು ನೀರಿನ ಕೊರತೆಯ ದೂರಿಗಿಂತ ಮುಂಚೆ ನೋಡಿ. ಕ್ಲೋರಿನ್ ನೀರಿಗೆ ಬೆರೆತು ಅರ್ಧ ಗಂಟೆಯಾದ ಮೇಲೆ ಘಟಕದಲ್ಲಿ ಲೀಟರಿಗೆ 0.5 ಮಿಲಿಗ್ರಾಂ, ಕೊನೆಯ ನಲ್ಲಿಯಲ್ಲಿ ಕನಿಷ್ಠ 0.2 ಉಳಿದಿರಬೇಕು. ಪಿಎಚ್ 8ಕ್ಕಿಂತ ಕಡಿಮೆ ಇರಬೇಕು. ನಿನ್ನೆವರೆಗೆ 0.3 ಇದ್ದ ಬೀದಿಯಲ್ಲಿ ಇವತ್ತು ಸೊನ್ನೆ ಬಂದರೆ ಕೊಳಕು ನೀರು ಸೇರಿದೆ ಅಂತಲೇ ಇಟ್ಟುಕೊಂಡು ಹೊರಡಿ. ಅಲ್ಲ ಅಂತ ಸಾಬೀತಾಗುವವರೆಗೆ ಕುದಿಸಿ ಕುಡಿಯಲು ಜನರಿಗೆ ಹೇಳಿ. ನೀರು ನಿಲ್ಲಿಸಿ ಬಿಡುವ ಪದ್ಧತಿಯಲ್ಲಿ ಖಾಲಿಯಾದ ಪೈಪು ಪಕ್ಕದ ಚರಂಡಿಯ ನೀರನ್ನು ತೂತಿನಿಂದಲೇ ಎಳೆದುಕೊಳ್ಳುತ್ತದೆ. ಅಂದರೆ ಸೋರಿಕೆಯ ಜಾಗವೇ ಕೊಳೆ ಸೇರುವ ಜಾಗವೂ ಹೌದು.

ಅಳೆಯದೆ ಅಂಕಿ ಬರೆಯುವುದು ಮಾತ್ರ ಬೇಡ. ಕೆನಡಾದ ವಾಕರ್‌ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಬಾವಿಯ ನೀರಿಗೆ ಸಗಣಿಯಿಂದ ಇ ಕೋಲಿ ಸೇರಿತ್ತು. ಕ್ಲೋರಿನ್ ಅಂಕಿಗಳನ್ನು ಅಳೆಯದೇ ಪುಸ್ತಕದಲ್ಲಿ ತುಂಬುತ್ತಿದ್ದರು ಅಂತ ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಂತು.

ರಿಪೇರಿ ಆದ ಮೇಲೆ

ಕತ್ತರಿಸಿದ ಪೈಪಿನ ತುದಿ, ಹೊಸ ತುಂಡು, ಜಾಯಿಂಟು ಎಲ್ಲವನ್ನೂ ಶೇಕಡಾ 1ರ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒರೆಸಿ ಕೂರಿಸಿ. ಉದ್ದನೆಯ ಹೊಸ ಲೈನಾದರೆ ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ತುಂಬಿ 24 ಗಂಟೆ ಬಿಡಿ. ಕೊನೆಯಲ್ಲಿ 10 ಮಿಲಿಗ್ರಾಂ ಆದರೂ ಉಳಿದಿರಬೇಕು. ಆ ನೀರನ್ನು ಹೊರಬಿಟ್ಟು, ಪೈಪು ತೊಳೆದು, ಬ್ಯಾಕ್ಟೀರಿಯಾ ಪರೀಕ್ಷೆ ಪಾಸಾದ ಮೇಲಷ್ಟೇ ಜನರಿಗೆ ಬಿಡಿ. ವಾಲ್ವನ್ನು ನಿಧಾನವಾಗಿ ತೆರೆಯಿರಿ, ಎತ್ತರದ ಕಡೆಯಿಂದ ಗಾಳಿ ಹೋಗಲು ದಾರಿ ಇರಲಿ. ಎಷ್ಟು ಸುತ್ತು ತೆರೆದಿರಿ, ಯಾರು ತೆರೆದರು, ಯಾವ ದಿನ ಅಂತ ಚೇಂಬರಿನ ಕಾರ್ಡಿನಲ್ಲಿ ಬರೆಯಿರಿ. ಮರುದಿನ ಅದೇ ಹೊತ್ತಿಗೆ, ಸಂಪು ಮತ್ತು ಟ್ಯಾಂಕು ಎರಡೂ ಕಡೆ ಮತ್ತೆ ಟೇಪು ಇಳಿಬಿಡಿ. ಎರಡು ಅಂಕಿಗಳು ಇನ್ನೂ ಹೊಂದದಿದ್ದರೆ ಮುಚ್ಚಿದ ತೂತಿನ ಜೊತೆಗೆ ಆ ಲೈನಿನಲ್ಲಿ ಇನ್ನೊಂದು ಇದೆ.